ರಸ್ತೆ ಹೊಸದುರ್ಗದ್ದು, ಮೆಕ್ಯಾನಿಕ್ ಬೆಂಗಳೂರಿನವನು

ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರ ಫೋನಿಗೆ ಇಂಥದೊಂದು ಜಾಹೀರಾತು ಬಂದೇ ಬರುತ್ತದೆ: ಸಿಂಗಲ್ ಓನರ್, ಐವತ್ತು ಸಾವಿರ ಕಿ.ಮೀ. ಒಳಗೆ ಓಡಿದೆ, ಕಂಪನಿ ಸರ್ವೀಸ್, ಆಟೊಮ್ಯಾಟಿಕ್. ಬಣ್ಣ ಮಾಸಿಲ್ಲ, ಸೀಟು ಹರಿದಿಲ್ಲ, ಟೈರು ಹೊಸತು. ಬೆಲೆ ಕೇಳಿದರೆ ಮಾತ್ರ ಒಂದು ಕ್ಷಣ ಅನುಮಾನ ಬರುತ್ತದೆ. ಹೊಸತರಲ್ಲಿ ಮ್ಯಾನುಯಲ್‌ಗಿಂತ ಲಕ್ಷದಷ್ಟು ಹೆಚ್ಚು ಕೊಟ್ಟು ತಂದ ಆಟೊಮ್ಯಾಟಿಕ್, ಎಂಟು ಹತ್ತು ವರ್ಷ ಕಳೆದ ಮೇಲೆ ಮ್ಯಾನುಯಲ್‌ನ ಬೆಲೆಗೇ ಬಂದು ನಿಂತಿದ್ದರೆ ಅದರ ಹಿಂದೆ ಏನೋ ಕಥೆ ಇರುತ್ತದೆ. ಫೋರ್ಡ್ ಫಿಯೆಸ್ಟಾದಲ್ಲಿ ಮತ್ತು ಹಳೆಯ ಇಕೋಸ್ಪೋರ್ಟ್‌ನಲ್ಲಿದ್ದ ಪವರ್‌ಶಿಫ್ಟ್ ಗೇರ್‌ಬಾಕ್ಸ್, ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐನಲ್ಲಿದ್ದ ಏಳು ಗೇರಿನ ಡಿಎಸ್‌ಜಿ, ಈ ಎರಡರ ಕಥೆ ಕಾರು ಬಲ್ಲವರಿಗೆಲ್ಲ ಗೊತ್ತು. ಗೊತ್ತಿದ್ದೂ ಕೊಳ್ಳುವವರಿದ್ದಾರೆ. ಅವರ ವಾದವೇನೂ ದಡ್ಡತನದ್ದಲ್ಲ. ದೋಷ ಏನೆಂದು ಗೊತ್ತಿದೆ, ಅದಕ್ಕೆ ತಕ್ಕ ಹಾಗೆ ಬೆಲೆ ಇಳಿದಿದೆ, ಉಳಿದ ದುಡ್ಡಿನಲ್ಲಿ ರಿಪೇರಿ ಮಾಡಿಸಿಕೊಂಡರಾಯಿತು ಎನ್ನುತ್ತಾರೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಕರ್ನಾಟಕದಲ್ಲಿ, ಒಂದೇ ಕಾರು ಇಟ್ಟುಕೊಳ್ಳುವ ಮನೆಗೆ ಈ ಲೆಕ್ಕ ತಾಳೆಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಗೇರ್‌ಬಾಕ್ಸುಗಳ ಒಳಗೆ ಇರುವುದು ಎರಡು ಕ್ಲಚ್. ಒಂದು 1, 3, 5ರಂಥ ಬೆಸ ಗೇರುಗಳನ್ನು ನೋಡಿಕೊಂಡರೆ ಇನ್ನೊಂದು ಸಮ ಗೇರುಗಳನ್ನೂ ರಿವರ್ಸನ್ನೂ ನೋಡಿಕೊಳ್ಳುತ್ತದೆ. ಗಾಡಿ ಎರಡನೇ ಗೇರಿನಲ್ಲಿ ಓಡುತ್ತಿರುವಾಗಲೇ ಮೂರನೆಯದು ಸಿದ್ಧವಾಗಿ ಕೂತಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ. ಹೆದ್ದಾರಿಯಲ್ಲಿ ಇದರ ಸುಖವೇ ಬೇರೆ. ಗೇರು ಬದಲಾದದ್ದು ಹೊಟ್ಟೆಯೊಳಗಿನ ನೀರಿಗೂ ತಿಳಿಯುವುದಿಲ್ಲ. ಹಳೆಯ ಮಾದರಿಯ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗೇರುಗಳ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆ ತುಂಬಿದ ಡಬ್ಬಿ ಇರುತ್ತದೆ. ಗಾಡಿ ತೆವಳುವಾಗ ಅಲ್ಲಿ ಎಣ್ಣೆ ಕಡೆಯುತ್ತದೆಯೇ ಹೊರತು ಕ್ಲಚ್ ಪ್ಲೇಟ್ ಸವೆಯುವುದಿಲ್ಲ. ಎಣ್ಣೆಯಲ್ಲಿ ಮುಳುಗಿದ ಡಬಲ್ ಕ್ಲಚ್ ಕೂಡ ಇದೆ. ಆದರೆ ಚಿಕ್ಕ ಕಾರಿಗೆ ಹಗುರವಿರಲಿ, ಖರ್ಚು ತಗ್ಗಲಿ, ಮೈಲೇಜ್ ಬರಲಿ ಎಂದು ತಯಾರಕರು ಆರಿಸಿದ್ದು ಒಣ ಕ್ಲಚ್ಚನ್ನು. ಕಷ್ಟವೆಲ್ಲ ಶುರುವಾಗಿದ್ದು ಅಲ್ಲಿಂದ.

ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಕಡೆಗೆ ಸಾಗುವ ಸಾಲನ್ನು ನೆನೆಸಿಕೊಳ್ಳಿ. ಮುಂದಿನ ಬಿಎಂಟಿಸಿ ಬಸ್ಸು ನಾಲ್ಕಡಿ ಜರುಗುತ್ತದೆ. ಹಿಂದಿನ ಕಾರಿನವರು ಬ್ರೇಕ್ ಮೇಲಿನ ಕಾಲು ಸಡಿಲಿಸುತ್ತಾರೆ, ಕಾರು ತಾನಾಗಿ ತೆವಳಬೇಕು. ಆ ವೇಗದಲ್ಲಿ ಕ್ಲಚ್ ಪೂರ್ತಿ ಹಿಡಿದರೆ ಎಂಜಿನ್ ಆಫ್ ಆಗುತ್ತದೆ, ಪೂರ್ತಿ ಬಿಟ್ಟರೆ ಗಾಡಿ ಕದಲುವುದಿಲ್ಲ. ಹಾಗಾಗಿ ಒಳಗಿನ ಕಂಪ್ಯೂಟರು ಅರ್ಧ ಹಿಡಿದು ಅರ್ಧ ಬಿಟ್ಟು ಪ್ಲೇಟನ್ನು ಉಜ್ಜಿಸುತ್ತಲೇ ಇರುತ್ತದೆ. ಮ್ಯಾನುಯಲ್ ಓಡಿಸುವವರು ಹಾಫ್ ಕ್ಲಚ್ ಎಂದು ಕರೆಯುವುದು ಇದನ್ನೇ. ಡ್ರೈವಿಂಗ್ ಸ್ಕೂಲಿನಲ್ಲಿ ಮೊದಲ ದಿನವೇ ಬೈಸಿಕೊಂಡು ಬಿಡುವ ಅಭ್ಯಾಸ. ಇಲ್ಲಿ ಗಾಡಿಯೇ ಅದನ್ನು ಗಂಟೆಗಟ್ಟಲೆ ಮಾಡುತ್ತದೆ. ಪ್ಲೇಟ್ ಕಾಯುತ್ತದೆ, ಕಾದಂತೆ ಅದರ ಹಿಡಿತ ಬದಲಾಗುತ್ತದೆ, ಒಂದರಿಂದ ಎರಡಕ್ಕೆ ಹೋಗುವಾಗ ಮೈ ನಡುಗಿದಂತೆ ಕಾರು ನಡುಗುತ್ತದೆ. ಬಲ್ಲ ಮಾಲೀಕರು ಇದಕ್ಕೊಂದು ಉಪಾಯ ಹೇಳುತ್ತಾರೆ: ತೆವಳಬೇಡಿ, ಮುಂದೆ ಹತ್ತಿಪ್ಪತ್ತು ಅಡಿ ಜಾಗ ಆಗುವವರೆಗೂ ನಿಂತು ಒಮ್ಮೆಲೇ ಹೊರಡಿ. ಉಪಾಯ ಸರಿಯೇ. ಆದರೆ ಬೆಂಗಳೂರಿನಲ್ಲಿ ಹತ್ತಡಿ ಜಾಗ ಬಿಟ್ಟರೆ ಅದರೊಳಗೆ ಒಂದು ಆಟೋ, ಎರಡು ಬೈಕು, ಒಬ್ಬ ಡೆಲಿವರಿ ಹುಡುಗ ಬಂದು ಸೇರಿರುತ್ತಾರೆ.

ಇದೆಲ್ಲ ಹತ್ತಾರು ಅತೃಪ್ತ ಗ್ರಾಹಕರ ಗೊಣಗಾಟ, ಕಾರು ಚೆನ್ನಾಗಿ ಓಡುತ್ತಿರುವವರು ಯಾರೂ ಬಂದು ಬರೆಯುವುದಿಲ್ಲ ಎಂಬ ಆಕ್ಷೇಪವುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ, ಹಾಗಾಗಿ ದೂರುಗಳನ್ನು ಪಕ್ಕಕ್ಕಿಟ್ಟು ಕಂಪನಿಗಳೇ ಮಾಡಿದ್ದೇನು ಎಂದು ನೋಡೋಣ. ಅಮೆರಿಕದಲ್ಲಿ 2011ರಿಂದ 2016ರವರೆಗಿನ ಫಿಯೆಸ್ಟಾ ಮತ್ತು 2012ರಿಂದ 2016ರವರೆಗಿನ ಫೋಕಸ್ ಕಾರುಗಳಲ್ಲಿ ಇದೇ ಪವರ್‌ಶಿಫ್ಟ್ ಇತ್ತು. ಸೀಲ್ ಸೋರಿ ಒಣ ಕ್ಲಚ್ಚಿಗೆ ಎಣ್ಣೆ ತಾಗುವುದು, ಗೇರ್‌ಬಾಕ್ಸ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೈಕೊಡುವುದು ಎಷ್ಟು ಹೆಚ್ಚಿತೆಂದರೆ 2014ರಲ್ಲಿ ಫೋರ್ಡ್ ತಾನಾಗಿಯೇ ಆ ಭಾಗಗಳ ವಾರಂಟಿಯನ್ನು ವರ್ಷಗಟ್ಟಲೆ ಹಿಗ್ಗಿಸಬೇಕಾಯಿತು. ಸುಮಾರು 20 ಲಕ್ಷ ಕಾರುಗಳಿಗೆ ಸಂಬಂಧಿಸಿದ ಸಾಮೂಹಿಕ ಮೊಕದ್ದಮೆ 2020ರಲ್ಲಿ ರಾಜಿಯಲ್ಲಿ ಮುಗಿಯಿತು. ಆಸ್ಟ್ರೇಲಿಯಾದ ಪ್ರಕರಣವಂತೂ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎರಡು ಸಲ ಓದಬೇಕಾದದ್ದು. ಅಲ್ಲಿ ಫಿಯೆಸ್ಟಾ, ಫೋಕಸ್ ಜತೆಗೆ ಇಕೋಸ್ಪೋರ್ಟ್ ಕೂಡ ಸೇರಿತ್ತು. ನಡುಕಕ್ಕೆ ಕಾರಣ ಕಾರಿನ ದೋಷ ಎಂದು ಗೊತ್ತಿದ್ದರೂ ನಿಮ್ಮ ಓಡಿಸುವ ಶೈಲಿಯೇ ಹಾಗೆ ಎಂದು ಗ್ರಾಹಕರಿಗೆ ಹೇಳಿದ್ದನ್ನು, ಗ್ರಾಹಕರು ಮರಳಿಸಿದ ಕಾರುಗಳನ್ನು ಪೂರ್ತಿ ಮಾಹಿತಿ ಕೊಡದೆ ಬೇರೆಯವರಿಗೆ ಮಾರಿದ್ದನ್ನು ಕಂಪನಿ ಒಪ್ಪಿಕೊಂಡಿತು. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ತಯಾರಿಸಿದ ಕಂಪನಿಯೇ ಮರುಮಾರಾಟದಲ್ಲಿ ಬಾಯಿ ಬಿಡದಿದ್ದಾಗ ಜಯನಗರದ ಬ್ರೋಕರ್ ಬಿಡುತ್ತಾನೆಂದು ನಿರೀಕ್ಷಿಸುವುದು ಹೇಗೆ?

ಡಿಎಸ್‌ಜಿಯ ಚರಿತ್ರೆ ಇಷ್ಟು ಕಪ್ಪಲ್ಲ, ಆದರೆ ನಮಗೆ ಹೆಚ್ಚು ಹತ್ತಿರದ್ದು. 2013ರ ಮಾರ್ಚ್‌ನಲ್ಲಿ ಚೀನಾದ ಸರ್ಕಾರಿ ಟಿವಿಯ ಗ್ರಾಹಕ ದಿನದ ಕಾರ್ಯಕ್ರಮ ಈ ಗೇರ್‌ಬಾಕ್ಸನ್ನು ಎತ್ತಿ ತೋರಿಸಿದ ಕೆಲವೇ ದಿನಗಳಲ್ಲಿ ಫೋಕ್ಸ್‌ವ್ಯಾಗನ್ ಅಲ್ಲಿ 3.84 ಲಕ್ಷ ಕಾರುಗಳನ್ನು ವಾಪಸ್ ಕರೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ ಏಳು ಗೇರಿನ ಡಿಎಸ್‌ಜಿಯಲ್ಲಿ ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ತುಂಬುವ ಕೆಲಸ ಶುರುವಾಯಿತು. ಕಂಪನಿ ಕೊಟ್ಟ ಕಾರಣ ಓದಿದರೆ ನಮ್ಮ ಊರುಗಳ ವರ್ಣನೆಯಂತೆಯೇ ಇದೆ: ಸೆಕೆ, ತೇವದ ಹವೆ, ನಿಂತು ನಿಂತು ಸಾಗುವ ಟ್ರಾಫಿಕ್ ಇರುವ ಕಡೆ ಗೇರ್‌ಬಾಕ್ಸಿನ ವಿದ್ಯುತ್ ಪೂರೈಕೆ ಕೆಡಬಹುದು. ಮಂಗಳೂರಿನ ಮೇ ತಿಂಗಳು, ಬೆಂಗಳೂರಿನ ಯಾವುದೇ ಸಂಜೆ. ಕೊನೆಗೆ ಇನ್ನೊಂದು ಸಾಕ್ಷ್ಯ: 2017ರಲ್ಲಿ ಇಕೋಸ್ಪೋರ್ಟ್‌ಗೆ ಹೊಸ ರೂಪ ಕೊಟ್ಟಾಗ ಫೋರ್ಡ್ ಭಾರತದಲ್ಲಿ ಪವರ್‌ಶಿಫ್ಟ್ ಕೈಬಿಟ್ಟು ಟಾರ್ಕ್ ಕನ್ವರ್ಟರ್ ಹಾಕಿತು. 2020ರಲ್ಲಿ ಪೋಲೋಗೆ ಒಂದು ಲೀಟರಿನ ಹೊಸ ಎಂಜಿನ್ ಬಂದಾಗ ಫೋಕ್ಸ್‌ವ್ಯಾಗನ್ ಕೂಡ ಅದನ್ನೇ ಮಾಡಿತು. ಎರಡನೆಯದಕ್ಕೆ ಬೆಲೆಯ ಲೆಕ್ಕಾಚಾರವೂ ಕಾರಣವಿರಬಹುದು, ಅದನ್ನು ಒಪ್ಪೋಣ. ಅದೇ ಗುಂಪಿನ 1.5 ಲೀಟರ್ ಕಾರುಗಳಲ್ಲಿ ಏಳು ಗೇರಿನ ಡಿಎಸ್‌ಜಿ ಮುಂದುವರಿದಿರುವುದೂ ನಿಜ. ಸುಧಾರಿಸಿದ, ವಾರಂಟಿ ಇನ್ನೂ ಇರುವ ಕಾರಿನ ಪ್ರಶ್ನೆ ಬೇರೆ. ನಾನು ಹೇಳುತ್ತಿರುವುದು ವಾರಂಟಿ ಮುಗಿದ ಹಳೆಯ ಕಾರುಗಳ ವಿಷಯ.

ಇಷ್ಟಾದರೂ, ಎಲ್ಲ ಕಾರೂ ಕೆಡುವುದಿಲ್ಲವಲ್ಲ, ಒಳ್ಳೆಯದೊಂದನ್ನು ಹುಡುಕಿ ಕೊಂಡರೆ ಲಾಭವೇ ಎನ್ನುವವರಿಗೆ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್‌ಲಾಫ್ 1970ರಲ್ಲೇ ಉತ್ತರ ಬರೆದಿಟ್ಟಿದ್ದಾರೆ. ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟ ಆ ಪ್ರಬಂಧದ ವಿಚಾರಕ್ಕಾಗಿ ಅವರಿಗೆ 2001ರಲ್ಲಿ ನೊಬೆಲ್ ಬಂತು. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ಲೆಮನ್ ಎನ್ನುತ್ತಾರೆ. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಸರಾಸರಿ ಬೆಲೆ ಹೇಳುತ್ತಾನೆ. ಒಳ್ಳೆಯ ಕಾರಿನವನು ಆ ಬೆಲೆಗೆ ಮಾರಲೊಲ್ಲದೆ ಮನೆಗೆ ಹೋಗುತ್ತಾನೆ. ಮಾರುಕಟ್ಟೆಯಲ್ಲಿ ಉಳಿಯುವುದು ಲೆಮನ್ನುಗಳೇ. ನಮ್ಮ ಗೇರ್‌ಬಾಕ್ಸಿಗೆ ಇದನ್ನು ಹಚ್ಚಿ ನೋಡಿ. ಮಾಡೆಲ್‌ಗೇ ಕೆಟ್ಟ ಹೆಸರು ಬಂದು ಎಲ್ಲ ಕಾರುಗಳ ಬೆಲೆಯೂ ಒಟ್ಟಿಗೆ ಇಳಿದಿದೆ. ಯಾರ ಕಾರು ರೇಷ್ಮೆಯಂತೆ ಓಡುತ್ತಿದೆಯೋ ಅವರು ಈ ಬೆಲೆಗೆ ಯಾಕೆ ಮಾರುತ್ತಾರೆ? ಇಟ್ಟುಕೊಂಡು ಓಡಿಸುತ್ತಾರೆ. ಎರಡನೇ ಗೇರಿನಲ್ಲಿ ನಡುಕ ಶುರುವಾದವರು, ವರ್ಕ್‌ಶಾಪಿನಲ್ಲಿ ಎಸ್ಟಿಮೇಟ್ ಕೇಳಿ ಬಂದವರು, ವಾರಂಟಿಯ ಕೊನೆಯ ತಿಂಗಳಲ್ಲಿರುವವರು ಫೋಟೊ ತೆಗೆದು ಜಾಹೀರಾತು ಹಾಕುತ್ತಾರೆ. ಅಂದರೆ ಇಳಿದ ಬೆಲೆ ಆ ಮಾಡೆಲಿನ ಸರಾಸರಿ ಕಾರಿಗೆ ಸರಿಹೊಂದಿದ್ದರೂ ನಿಮ್ಮ ಮುಂದೆ ತೊಳೆದು ನಿಲ್ಲಿಸಿರುವ ಕಾರು ಸರಾಸರಿಗಿಂತ ಕೆಳಗಿನದಾಗಿರುವ ಸಾಧ್ಯತೆ ಹೆಚ್ಚು. ಊರು ಬಿಟ್ಟು ವರ್ಗವಾಗಿ ಹೋಗುವವರು, ವಿದೇಶಕ್ಕೆ ಹೊರಟವರು ಒಳ್ಳೆಯ ಕಾರನ್ನೂ ಮಾರುತ್ತಾರೆ ನಿಜ. ಅದಕ್ಕೇ ಎಲ್ಲ ಮಾರಾಟಗಾರರೂ ವಿದೇಶಕ್ಕೆ ಹೊರಟವರೇ ಆಗಿರುತ್ತಾರೆ.

ಇನ್ನು ಮುಖ್ಯ ತೊಡಕಿಗೆ ಬರೋಣ. ಒಣ ಕ್ಲಚ್ ಬಾಳಿಕೆ ಬರುವುದು ತೆರೆದ ರಸ್ತೆಯಲ್ಲಿ. ಹೊಸದುರ್ಗದಿಂದ ಹೊರಟು ಹಿರಿಯೂರಿನಲ್ಲಿ ಹೆದ್ದಾರಿ ಸೇರುವವರಿಗೆ, ದಿನಕ್ಕೆ ನಾಲ್ಕು ಸಲವೂ ಹಾಫ್ ಕ್ಲಚ್ ಬೇಡದವರಿಗೆ ಇದು ವರ್ಷಗಟ್ಟಲೆ ತೊಂದರೆ ಕೊಡದೆ ಓಡಬಹುದು. ಆದರೆ ಕೆಟ್ಟ ದಿನ ಹೊಸದುರ್ಗದಲ್ಲಿ ಏನು ಮಾಡುತ್ತೀರಿ? ಈ ಕ್ಲಚ್ ಬದಲಿಸಲು ಕೈಚಳಕವಿರುವ ಮೆಕ್ಯಾನಿಕ್ ಇದ್ದರೆ ಸಾಲದು. ಅದಕ್ಕೆಂದೇ ಮಾಡಿದ ಉಪಕರಣ ಬೇಕು. ಹೊಸ ಕ್ಲಚ್ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಲ್ಯಾಪ್‌ಟಾಪ್ ಜೋಡಿಸಿ ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಕಲಿಸಿಕೊಡಬೇಕು. ಕಲಿಸದಿದ್ದರೆ ಹೊಸ ಕ್ಲಚ್ಚೂ ಹಳೆಯದರಂತೆಯೇ ನಡುಗುತ್ತದೆ. ಆ ಉಪಕರಣ, ಆ ಸಾಫ್ಟ್‌ವೇರ್, ಅದನ್ನು ಹತ್ತಾರು ಸಲ ಮಾಡಿದ ಕೈ ಸಿಗುವುದು ಬೆಂಗಳೂರಿನಂಥ ದೊಡ್ಡ ಊರಿನಲ್ಲಿ. ಗಾಡಿಯನ್ನು ಟೋಯಿಂಗ್ ಟ್ರಕ್ಕಿನ ಮೇಲೇರಿಸಿ ಇನ್ನೂರು ಕಿ.ಮೀ. ಕಳಿಸಬೇಕು. ಹಾಗಾದರೆ ಮೆಕ್ಯಾನಿಕ್ ಪಕ್ಕದಲ್ಲೇ ಇರುವ ಬೆಂಗಳೂರಿನವರು ಕೊಳ್ಳಲಿ ಎಂದರೆ, ಅಲ್ಲಿ ಹತ್ತು ಕಿ.ಮೀ. ಸಾಗಲು ಅರ್ಧ ಗಂಟೆ ಬೇಕು, ಆ ಅರ್ಧ ಗಂಟೆಯೇ ಕ್ಲಚ್ಚನ್ನು ತಿನ್ನುತ್ತದೆ. ಗಾಡಿಗೆ ಒಗ್ಗುವ ರಸ್ತೆ ಇರುವಲ್ಲಿ ಅದನ್ನು ಬಲ್ಲ ಮೆಕ್ಯಾನಿಕ್ ಇಲ್ಲ, ಬಲ್ಲವನು ಇರುವಲ್ಲಿ ರಸ್ತೆ ಒಗ್ಗುವುದಿಲ್ಲ. ಸಾಲದ್ದಕ್ಕೆ ಹೊಸದುರ್ಗದವರು ಕೊಳ್ಳುವ ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಬಹುಪಾಲು ಬೆಂಗಳೂರಿನದೇ ಆಗಿರುತ್ತದೆ. ಸಿಲ್ಕ್ ಬೋರ್ಡಿನ ಸವೆತವನ್ನು ಹೊತ್ತುಕೊಂಡೇ ಅದು ಊರಿಗೆ ಬರುತ್ತದೆ.

ಒಂದು ಸಲ ರಿಪೇರಿಗೆ ಇಂತಿಷ್ಟು ಎಂದು ತೆಗೆದಿಟ್ಟರಾಯಿತು ಎಂಬ ವಾದ ಇಲ್ಲಿಯೇ ಮುಗ್ಗರಿಸುತ್ತದೆ. ಡಿಎಸ್‌ಜಿಯಲ್ಲಿ ಪಂಪು, ವಾಲ್ವು, ಎಲೆಕ್ಟ್ರಾನಿಕ್ಸ್ ಎಲ್ಲ ಒಟ್ಟಿಗಿರುವ ಮೆಕಾಟ್ರಾನಿಕ್ ಎಂಬ ಘಟಕ ಹೋದರೆ ಬಿಲ್ಲು ಲಕ್ಷ ದಾಟುವುದು ಹೊಸ ಸುದ್ದಿಯೇನಲ್ಲ. ಅಂಥ ಬಿಲ್ಲು ಹತ್ತು ವರ್ಷದ ಕಾರಿನ ಬೆಲೆಯ ಕಾಲು ಭಾಗವೋ ಮೂರನೇ ಒಂದು ಭಾಗವೋ ಆದೀತು. ಹೋಗಲಿ, ಕೊಟ್ಟೇಬಿಟ್ಟೆವು ಎನ್ನೋಣ. ಎಂಜಿನ್ ಬೆಲ್ಟ್ ಬದಲಿಸಿದರೆ ಮುಂದಿನ ಬೆಲ್ಟ್ ಯಾವಾಗ ಎಂದು ಪುಸ್ತಕ ಹೇಳುತ್ತದೆ. ಈ ಕ್ಲಚ್ ಬದಲಿಸಿದ ಮೇಲೂ ಅದೇ ಒಣ ಕ್ಲಚ್, ಅದೇ ರಸ್ತೆ, ಅದೇ ಬಸ್ಸಿನ ಹಿಂದೆ ಅದೇ ತೆವಳಾಟ. ಮುಂದಿನ ಬಿಲ್ಲು ಯಾವಾಗ ಎಂದು ಯಾರೂ ಹೇಳಲಾರರು. ಫೋರ್ಡ್ ಕೊಳ್ಳುವವರಿಗೆ ಇನ್ನೊಂದು ಚಿಂತೆ. ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಸರ್ವೀಸ್, ಬಿಡಿಭಾಗ ಮುಂದುವರಿಸುವ ಮಾತು ಕೊಟ್ಟಿದೆ. ಆದರೂ ಆಯಿಲ್ ಫಿಲ್ಟರ್ ಸಿಗುವುದು ಒಂದು, ಹಿಂದೆಯೇ ಕೈಬಿಟ್ಟ ಗೇರ್‌ಬಾಕ್ಸಿನ ಕ್ಲಚ್ ಸೆಟ್ ಬೇಕಾದ ವಾರದಲ್ಲೇ ಸಿಗುವುದು ಇನ್ನೊಂದು. ಒಂದೇ ಕಾರಿರುವ ಮನೆಯಲ್ಲಿ ಗಾಡಿ ಮೂರು ವಾರ ವರ್ಕ್‌ಶಾಪಿನಲ್ಲಿ ನಿಂತರೆ ಮಗುವಿನ ಶಾಲೆ, ಅಜ್ಜಿಯ ಡಯಾಲಿಸಿಸ್, ಮದುವೆ ಸೀಸನ್ನು ಯಾವುದೂ ನಿಲ್ಲುವುದಿಲ್ಲ. ಆ ಟ್ಯಾಕ್ಸಿ ಖರ್ಚನ್ನು ಯಾರೂ ಗಾಡಿಯ ಲೆಕ್ಕಕ್ಕೆ ಬರೆಯುವುದಿಲ್ಲ, ಅಷ್ಟೆ.

ಕಾನೂನಿನ ಆಸರೆ ಎಷ್ಟು? ಸಾಮಾನ್ಯ ವ್ಯಕ್ತಿಯೊಬ್ಬ ತನ್ನ ಹಳೆಯ ಕಾರು ಮಾರಿದರೆ ಅವನು ವ್ಯಾಪಾರಿಯಲ್ಲ, ಗ್ರಾಹಕರ ಆಯೋಗದ ಬಾಗಿಲು ಅಲ್ಲಿ ಸುಲಭವಾಗಿ ತೆರೆಯುವುದಿಲ್ಲ. ಉಳಿಯುವುದು 1872ರ ಭಾರತೀಯ ಕರಾರು ಕಾಯ್ದೆ. ಅದರ 17ನೇ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆ ಇದೆ. ಕುದುರೆಗೆ ರೋಗವಿದೆಯೆಂದು ಗೊತ್ತಿದ್ದೂ ಮಾಲೀಕ ಏನೂ ಹೇಳದೆ ಹರಾಜಿನಲ್ಲಿ ಮಾರುತ್ತಾನೆ. ಇದು ವಂಚನೆಯೇ? ಅಲ್ಲ ಎನ್ನುತ್ತದೆ ಕಾಯ್ದೆ. ಬರೀ ಮೌನ ವಂಚನೆಯಾಗದು. ಆದರೆ ಕೊಳ್ಳುವವನು, ನೀನು ಇಲ್ಲವೆನ್ನದಿದ್ದರೆ ಕುದುರೆ ಗಟ್ಟಿಯಾಗಿದೆಯೆಂದೇ ತಿಳಿಯುತ್ತೇನೆ ಎಂದು ಹೇಳಿದ ಮೇಲೂ ಮಾಲೀಕ ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ನೂರೈವತ್ತು ವರ್ಷದ ಹಿಂದಿನ ಈ ಕುದುರೆ ಇವತ್ತಿನ ವಾಟ್ಸ್‌ಆ್ಯಪ್‌ಗೆ ಚೆನ್ನಾಗಿ ಒಗ್ಗುತ್ತದೆ. ಗೇರ್‌ಬಾಕ್ಸಿಗೆ ಈವರೆಗೆ ಏನು ಕೆಲಸ ಆಗಿದೆ, ಈಗ ಯಾವುದಾದರೂ ತೊಂದರೆ ಇದೆಯೇ, ಇಲ್ಲವೆನ್ನದಿದ್ದರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ ಎಂದು ಬರಹದಲ್ಲಿ ಕೇಳಬೇಕು. ಆದರೂ ಇದರ ಬಲವನ್ನು ಹೆಚ್ಚು ನಂಬಬಾರದು. ಸಾಮಾನ್ಯ ಎಚ್ಚರ ವಹಿಸಿದ್ದರೆ ನಿನಗೇ ತಿಳಿಯುತ್ತಿತ್ತಲ್ಲ ಎಂದು ಪ್ರಶ್ನಿಸಲು ಅದೇ ಕಾಯ್ದೆಯ 19ನೇ ಕಲಂ ಎದುರಾಳಿಗೆ ಅವಕಾಶ ಕೊಡುತ್ತದೆ. ದೋಷ ಜಗಜ್ಜಾಹೀರಾದ ಗೇರ್‌ಬಾಕ್ಸಿನ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

ಹಾಗಾದರೆ ಕೈಯಲ್ಲಿ ನಾಲ್ಕೈದು ಲಕ್ಷ ಇಟ್ಟುಕೊಂಡು ಮೊಣಕಾಲು ನೋವಿಗೆ ಆಟೊಮ್ಯಾಟಿಕ್ಕೇ ಬೇಕೆನ್ನುವವರು ಏನು ಮಾಡಬೇಕು? ಮಾರುತಿ 2014ರಲ್ಲಿ ಸೆಲೆರಿಯೊದೊಂದಿಗೆ ತಂದ ಎಎಂಟಿಯನ್ನು ಕಾರುಪ್ರಿಯರು ಹಂಗಿಸುತ್ತಾರೆ. ಪ್ರತಿ ಗೇರಿಗೂ ತಲೆದೂಗಿಸುವ ಗಾಡಿ ಎಂದು. ಹಂಗಿಸಲಿ. ಅದರೊಳಗಿರುವುದು ಸಾಧಾರಣ ಮ್ಯಾನುಯಲ್ ಗೇರ್‌ಬಾಕ್ಸ್, ಸಾಧಾರಣ ಕ್ಲಚ್ ಪ್ಲೇಟು. ಕ್ಲಚ್ ತುಳಿಯುವ, ಗೇರ್ ಹಾಕುವ ಕೆಲಸವನ್ನಷ್ಟೇ ಯಂತ್ರಕ್ಕೆ ಒಪ್ಪಿಸಲಾಗಿದೆ. ಅದೂ ಕೆಡುತ್ತದೆ, ಆದರೆ ಅದನ್ನು ರಿಪೇರಿ ಮಾಡಬಲ್ಲ ವರ್ಕ್‌ಶಾಪಿಗೆ ಜಿಲ್ಲೆ ದಾಟಿ ಹೋಗಬೇಕಾಗಿಲ್ಲ. ಹೊಸ ಕಾರಿಗೂ ಹಳೆಯದಕ್ಕೂ ಇದ್ದ ಬೆಲೆಯ ಅಂತರ ಕೂಡ ಮೊದಲಿನಷ್ಟಿಲ್ಲ. ನಾಲ್ಕು ಮೀಟರ್ ಮೀರದ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ನಮ್ಮ ರಾಜ್ಯದ ಆಜೀವ ರಸ್ತೆ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು, ಹಳೆಯ ಕಾರು ಕೊಂಡರೆ ಅದು ಉಳಿಯುತ್ತದೆ ಎಂಬುದು ಒಪ್ಪತಕ್ಕ ಮಾತು. ಹಾಗೆ ಉಳಿಸಬೇಕೆಂದಿದ್ದರೆ, ಮೊಣಕಾಲು ಗಟ್ಟಿಯಿದ್ದರೆ, ಅದೇ ಪೋಲೋ, ಅದೇ ಇಕೋಸ್ಪೋರ್ಟ್ ಮ್ಯಾನುಯಲ್ ಗೇರಿನಲ್ಲೂ ಸಿಗುತ್ತವೆ. ಅದೇ ಗಟ್ಟಿ ಬಾಗಿಲು, ಅದೇ ರಸ್ತೆ ಹಿಡಿತ. ಸವೆದರೆ ಒಂದೇ ಕ್ಲಚ್ ಪ್ಲೇಟು.

ಮನೆಯಲ್ಲಿ ಇನ್ನೊಂದು ಗಾಡಿ ಇದೆ, ಕ್ಲಚ್ ಸೆಟ್ ಬದಲಿಸಿದ ಬಿಲ್ಲು ತೋರಿಸುತ್ತಿದ್ದಾರೆ, ಡಿಎಸ್‌ಜಿಯ ಸುಖ ಒಮ್ಮೆ ಅನುಭವಿಸಲೇಬೇಕು ಎನ್ನುವವರನ್ನು ತಡೆಯಲು ನನಗೆ ಕಾರಣವಿಲ್ಲ. ಹವ್ಯಾಸಕ್ಕೆ ಲೆಕ್ಕ ಬೇಡ. ಅವರೂ ನೋಡುವ ಕ್ರಮ ಬದಲಿಸಿಕೊಂಡರೆ ಒಳ್ಳೆಯದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿದ ಮೇಲೆಯೇ ಟವಲಿನಡಿ ಬೆರಳು ಹಿಡಿದು ದರ ಹೇಳುತ್ತಾನೆ. ಐದು ಲಕ್ಷದ ಕಾರಿಗೆ ನಾವು ಬಡಾವಣೆಯ ಖಾಲಿ ರಸ್ತೆಯಲ್ಲಿ ಎರಡು ಸುತ್ತು ಹಾಕಿ ಅಡ್ವಾನ್ಸ್ ಕೊಡುತ್ತೇವೆ. ತಣ್ಣಗಿರುವ ಒಣ ಕ್ಲಚ್ ಏನನ್ನೂ ಹೇಳುವುದಿಲ್ಲ. ಅದನ್ನು ಮುಕ್ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ತೆವಳಿಸಿ, ಕಾದ ಮೇಲೆ ಏರು ರಸ್ತೆಯಲ್ಲಿ ನಿಲ್ಲಿಸಿ ಹೊರಡಿಸಬೇಕು, ಅದೇ ಏರಿನಲ್ಲಿ ಸ್ವಲ್ಪ ರಿವರ್ಸ್ ತೆಗೆಯಬೇಕು, ಒಂದರಿಂದ ಎರಡಕ್ಕೆ ಬೀಳುವಾಗ ಸ್ಟೀರಿಂಗ್ ಮೇಲಿನ ಕೈಗೆ ಏನಾಗುತ್ತದೆಂದು ಗಮನಿಸಬೇಕು. ಭಾನುವಾರ ಬೆಳಗ್ಗೆ ಏಳಕ್ಕೆ ಬನ್ನಿ, ರಸ್ತೆ ಖಾಲಿ ಇರುತ್ತದೆ, ಆರಾಮವಾಗಿ ಓಡಿಸಿ ನೋಡಬಹುದು ಎಂದು ಮಾಲೀಕರು ಕರೆದರೆ, ಸೋಮವಾರ ಸಂಜೆ ಆರಕ್ಕೆ ಬರುತ್ತೇನೆ ಎನ್ನಿ. ಆಮೇಲೆ ಅವರ ಫೋನ್ ಬರುತ್ತದೋ ಇಲ್ಲವೋ ಕಾದು ನೋಡಿ.